ಮೂವತ್ತೆರಡರೊಳಗೆ



1904ನೇ ಇಸವಿ. ಕುಂಭಕೋಣದ ಟೌನ್ ಹೈಸ್ಕೂಲು. ಗಣಿತದಲ್ಲಿ ಮುಂದಿರುವ ವಿದ್ಯಾರ್ಥಿಗೆಂದು ಇಟ್ಟಿದ್ದ ಕೆ. ರಂಗನಾಥ ರಾವ್ ಬಹುಮಾನವನ್ನು ಹದಿನಾರು ವರ್ಷದ ಒಬ್ಬ ಹುಡುಗನಿಗೆ ಕೊಟ್ಟರು. ಕೊಟ್ಟವರು ಹೆಡ್‌ಮಾಸ್ಟರ್ ಕೃಷ್ಣಸ್ವಾಮಿ ಅಯ್ಯರ್. ಪೂರ್ತಿ ಅಂಕಕ್ಕಿಂತ ಹೆಚ್ಚು ಕೊಡಲು ಬರುವಂತಿದ್ದರೆ ಈ ಹುಡುಗನಿಗೆ ಕೊಡಬೇಕಾಗಿತ್ತು ಎಂಬರ್ಥದ ಮಾತನ್ನು ಅವರು ಆಡಿದರಂತೆ. ಆ ಹುಡುಗ ಶ್ರೀನಿವಾಸ ರಾಮಾನುಜನ್. ರಂಗನಾಥ ರಾಯರ ಹೆಸರು ಇವತ್ತಿಗೂ ಪುಸ್ತಕಗಳಲ್ಲಿ ಬರುತ್ತದೆ. ಬರುವುದು ಆ ಹುಡುಗನ ಕೈಹಿಡಿದುಕೊಂಡೇ. ಒಂದು ಸಣ್ಣ ಬಹುಮಾನ ಸರಿಯಾದ ಕೈಗೆ ಹೋದದ್ದಕ್ಕೆ, ಹೆಸರೊಂದು ನೂರಿಪ್ಪತ್ತು ವರ್ಷ ದಾಟಿ ಉಳಿದುಕೊಂಡಿದೆ.

ನಾನು ಸಾದಲಿಯವನು. ಶಿಡ್ಲಘಟ್ಟ ತಾಲ್ಲೂಕಿನ ಹೋಬಳಿ ಊರು ನಮ್ಮದು. ಬದುಕಿನ ಬಹುಭಾಗ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟೇ ಕಳೆದೆ. ನಮ್ಮ ಕಡೆಯ ಮಕ್ಕಳಲ್ಲಿ ಬಹಳ ಜನ ಮನೆಯಲ್ಲಿ ತೆಲುಗು ಆಡುತ್ತಾರೆ, ಶಾಲೆಗೆ ಬಂದು ಕನ್ನಡದಲ್ಲಿ ಓದುತ್ತಾರೆ. ಮನೆಯಲ್ಲಿ ರೇಷ್ಮೆ ಹುಳು ಇದ್ದರೆ, ಹುಳು ಪೊರೆ ಕಳಚುವ ನಾಲ್ಕನೇ ಜ್ವರ ಎದ್ದಿತೆಂದರೆ ಮನೆಮಂದಿಗೆಲ್ಲ ನಿದ್ದೆಯಿಲ್ಲ. ರಾತ್ರಿಯೆಲ್ಲ ಸೊಪ್ಪು ಹಾಕಬೇಕು. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ನನ್ನ ಕ್ಲಾಸಿನಲ್ಲಿ ಅರ್ಧ ಬೆಂಚು ಖಾಲಿ. ಹಾಜರಿ ಪುಸ್ತಕ ನೋಡಿಯೇ ಯಾರ ಮನೆಯಲ್ಲಿ ಗೂಡು ಯಾವಾಗ ಬಿಡಿಸುತ್ತಾರೆಂದು ನಾನು ಹೇಳಬಲ್ಲವನಾಗಿದ್ದೆ. ಅಂಥ ಊರಿನಲ್ಲಿ ಕೂತು, ಯುವ ಗಣಿತಜ್ಞರಿಗೆ ರಾಮಾನುಜನ್ ಅವರ ನೆನಪಿನಲ್ಲಿ ಕೊಡುವ ಬಹುಮಾನದ ವಿಷಯ ಇವತ್ತು ನಿಮ್ಮೊಂದಿಗೆ ಮಾತಾಡಬೇಕೆಂದಿದ್ದೇನೆ.

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22. ತೀರಿಕೊಂಡದ್ದು 1920ರ ಏಪ್ರಿಲ್ 26. ಮೂವತ್ತೆರಡು ವರ್ಷ, ಮೇಲೆ ನಾಲ್ಕು ತಿಂಗಳು. ತಂಜಾವೂರಿನ ಶಾಸ್ತ್ರ ವಿಶ್ವವಿದ್ಯಾಲಯ 2003ರಲ್ಲಿ ಕುಂಭಕೋಣದ ಅವರ ಮನೆಯನ್ನು ಕೊಂಡು ಉಳಿಸಿಕೊಂಡಿತು. 2005ರಲ್ಲಿ ಅವರ ಹೆಸರಿನಲ್ಲಿ ಒಂದು ವಾರ್ಷಿಕ ಬಹುಮಾನ ಶುರುಮಾಡಿತು. ಮೊತ್ತ 10,000 ಡಾಲರ್. ರಾಮಾನುಜನ್ ಓಡಾಡಿದ ಗಣಿತದ ಹಾದಿಗಳಲ್ಲಿ ದೊಡ್ಡ ಕೆಲಸ ಮಾಡಿದವರು ಜಗತ್ತಿನ ಯಾವ ಮೂಲೆಯವರಾದರೂ ಆಗಬಹುದು, ಆದರೆ ವಯಸ್ಸು 32 ಮೀರಿರಬಾರದು. ಅದು ಯಾವುದೋ ಕಮಿಟಿ ಕೂತು ಲೆಕ್ಕ ಹಾಕಿ ಇಟ್ಟ ಸಂಖ್ಯೆಯಲ್ಲ. ಅವರಿಗೆ ಸಿಕ್ಕ ಆಯಸ್ಸೇ ಅಳತೆಗೋಲು. ಇಷ್ಟು ವರ್ಷದಲ್ಲಿ ಆ ಮನುಷ್ಯ ಅಷ್ಟು ಮಾಡಿದ, ಇಷ್ಟೇ ವರ್ಷದಲ್ಲಿ ನೀನೇನು ಮಾಡಿದ್ದೀಯ ತೋರಿಸು ಎಂದು ಕೇಳುವ ಬಹುಮಾನ ಅದು. ಆ ನಿಯಮ ಮೊದಲ ಸಲ ಓದಿದಾಗ ನನಗೆ ಗಂಟಲು ಕಟ್ಟಿತು.

ಏಕೆಂದರೆ ಹೈಸ್ಕೂಲಿನ ಆ ಬಹುಮಾನ ಆದಮೇಲೆ ರಾಮಾನುಜನ್ ಅವರ ಬದುಕಿನಲ್ಲಿ ಏನಾಯಿತೆಂದು ನಮಗೆ ಗೊತ್ತು. ಕಾಲೇಜಿಗೆ ಸ್ಕಾಲರ್‌ಶಿಪ್ ಸಿಕ್ಕಿತು. ಗಣಿತ ಬಿಟ್ಟು ಬೇರೆ ವಿಷಯಗಳಲ್ಲಿ ಫೇಲಾದರು, ಸ್ಕಾಲರ್‌ಶಿಪ್ ಹೋಯಿತು. ಇನ್ನೊಂದು ಕಾಲೇಜಿನಲ್ಲಿ ಮತ್ತೆ ಪರೀಕ್ಷೆ ಕಟ್ಟಿದರು, ಮತ್ತೆ ಫೇಲು. ನೋಟ್‌ಬುಕ್ಕುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಲಸ ಕೇಳುತ್ತ ಅಲೆದರು. ನೆಲ್ಲೂರಿನಲ್ಲಿ ಕಲೆಕ್ಟರಾಗಿದ್ದ ಆರ್. ರಾಮಚಂದ್ರ ರಾವ್ ಕೆಲಕಾಲ ತಮ್ಮ ಕೈಯಿಂದ ತಿಂಗಳಿಗೆ 25 ರೂಪಾಯಿ ಕೊಟ್ಟರು. 1912ರಲ್ಲಿ ಮದ್ರಾಸ್ ಬಂದರಿನ ಕಚೇರಿಯಲ್ಲಿ 30 ರೂಪಾಯಿ ಸಂಬಳದ ಗುಮಾಸ್ತಿಕೆ. ಕೇಂಬ್ರಿಜ್ಜಿನ ಗಣಿತಜ್ಞ ಹಾರ್ಡಿಯವರಿಗೆ ಪತ್ರ ಬರೆದದ್ದು 1913ರ ಜನವರಿಯಲ್ಲಿ. ಹೈಸ್ಕೂಲಿನ ಬಹುಮಾನಕ್ಕೂ ಆ ಪತ್ರಕ್ಕೂ ನಡುವೆ ಹೆಚ್ಚುಕಡಿಮೆ ಒಂಬತ್ತು ವರ್ಷ. ಮೂವತ್ತೆರಡರಲ್ಲಿ ಒಂಬತ್ತು! ಗಣಿತ ಮಾಡುವವರಿಗೆ ನೆರವು ಬೇಕಾಗುವುದು ತಲೆ ನರೆತ ಮೇಲಲ್ಲ, ಆ ಒಂಬತ್ತು ವರ್ಷಗಳಲ್ಲಿ. ಯುವಕರಿಗೇ ಮೀಸಲಾದ ಬಹುಮಾನದ ಅಗತ್ಯ ನನಗೆ ಮನದಟ್ಟಾದದ್ದು ಈ ಲೆಕ್ಕದಿಂದ.

ಶಾಸ್ತ್ರ ಬಹುಮಾನಕ್ಕೆ ಹೆಸರು ಆರಿಸಿದವರ ಕಣ್ಣು ಎಷ್ಟು ಚುರುಕೆಂದು ನೋಡಿ. ಮೊದಲ ವರ್ಷ ಮಂಜುಲ್ ಭಾರ್ಗವ, ಕಣ್ಣನ್ ಸೌಂದರರಾಜನ್ ಇಬ್ಬರಿಗೂ ಕೊಟ್ಟರು. 2008ರಲ್ಲಿ ಅಕ್ಷಯ್ ವೆಂಕಟೇಶ್, 2013ರಲ್ಲಿ ಜರ್ಮನಿಯ ಪೀಟರ್ ಶೋಲ್ಜ, 2014ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮೇನಾರ್ಡ್, 2017ರಲ್ಲಿ ಉಕ್ರೇನಿನ ಮರೀನಾ ವಿಯಾಜೊವ್‌ಸ್ಕಾ. ಭಾರ್ಗವರಿಗೆ 2014ರಲ್ಲಿ, ವೆಂಕಟೇಶ್ ಮತ್ತು ಶೋಲ್ಜರಿಗೆ 2018ರಲ್ಲಿ, ಮೇನಾರ್ಡ್ ಮತ್ತು ವಿಯಾಜೊವ್‌ಸ್ಕಾರಿಗೆ 2022ರಲ್ಲಿ ಫೀಲ್ಡ್ಸ್ ಪದಕ ಬಂತು. ಗಣಿತಕ್ಕೆ ನೊಬೆಲ್ ಇಲ್ಲ, ಅದರ ಜಾಗದಲ್ಲಿ ಜನ ಹೆಸರಿಸುವುದು ನಾಲ್ಕು ವರ್ಷಕ್ಕೊಮ್ಮೆ ಕೊಡುವ ಈ ಪದಕವನ್ನೇ. ಅಂದರೆ ಐದು ಜನರನ್ನು ಶಾಸ್ತ್ರ ವಿಶ್ವವಿದ್ಯಾಲಯದವರು ಜಗತ್ತಿಗಿಂತ ಮೊದಲೇ ಕರೆದು ಕೂರಿಸಿ ಸನ್ಮಾನ ಮಾಡಿ ಕಳಿಸಿದ್ದರು.

ಇವರಲ್ಲಿ ವಿಯಾಜೊವ್‌ಸ್ಕಾ ಅವರ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಂತೆಯಲ್ಲಿ ನಿಂಬೆಹಣ್ಣು ಮಾರುವ ಹೆಂಗಸನ್ನು ನೋಡಿದ್ದೀರಲ್ಲ. ಕೆಳಗೆ ಒಂದು ಪದರ ಒತ್ತಾಗಿ ಹರಡುತ್ತಾಳೆ. ನಡುವಿನ ಯಾವ ಹಣ್ಣನ್ನು ನೋಡಿದರೂ ಸುತ್ತ ಆರು ಹಣ್ಣು ಅಂಟಿಕೊಂಡಿರುತ್ತವೆ. ಮೂರು ಹಣ್ಣು ಸೇರಿದ ಕಡೆ ಒಂದು ಕುಳಿ ಬೀಳುತ್ತದಲ್ಲ, ಮೇಲಿನ ಪದರದ ಹಣ್ಣನ್ನು ಅಲ್ಲಿ ಕೂರಿಸುತ್ತಾಳೆ. ಹೀಗೆ ಪೇರಿಸಿದರೆ ಗುಡ್ಡೆಯ ಒಳಗಿನ ಒಂದೊಂದು ಹಣ್ಣಿಗೂ ಹನ್ನೆರಡು ಹಣ್ಣು ತಾಗಿರುತ್ತವೆ, ನೂರಕ್ಕೆ ಎಪ್ಪತ್ನಾಲ್ಕು ಭಾಗ ಜಾಗ ತುಂಬುತ್ತದೆ. ಇದಕ್ಕಿಂತ ಒತ್ತಾಗಿ ಪೇರಿಸಲು ಬರುವುದಿಲ್ಲ ಎಂದು ಕೆಪ್ಲರ್ 1611ರಲ್ಲಿ ಹೇಳಿದ. ಸಂತೆಯ ಹೆಂಗಸಿಗೆ ಕೈಗೆ ಗೊತ್ತಿದ್ದ ಈ ಸಂಗತಿಗೆ ರುಜುವಾತು ಸಿಗಲು 1998ರ ತನಕ ಕಾಯಬೇಕಾಯಿತು. ಅದು ಕಂಪ್ಯೂಟರ್ ಇಟ್ಟುಕೊಂಡು ಥಾಮಸ್ ಹೇಲ್ಸ್ ಮಾಡಿದ ಭಾರಿ ರುಜುವಾತು.

ಗಣಿತದವರು ಮೂರು ಆಯಾಮಕ್ಕೆ ನಿಲ್ಲುವುದಿಲ್ಲ. ಎಂಟು ಆಯಾಮ ಎಂದ ಕೂಡಲೇ ಮಕ್ಕಳು ಹೆದರುತ್ತಾರೆ. ನಾನು ಅವರಿಗೆ ಹುಳುಮನೆಯ ಲೆಕ್ಕದ ಪುಸ್ತಕ ತೋರಿಸುತ್ತಿದ್ದೆ. ಎಷ್ಟು ಮೊಟ್ಟೆ, ಎಷ್ಟು ಸೊಪ್ಪು, ಎಷ್ಟು ಬಿಸಿ, ಎಷ್ಟು ತೇವ, ಎಷ್ಟು ಕೂಲಿ, ಎಷ್ಟು ದಿನ, ಎಷ್ಟು ಗೂಡು, ಎಷ್ಟು ದರ. ಒಂದು ಬೆಳೆಗೆ ಒಂದು ಸಾಲು, ಸಾಲಿನಲ್ಲಿ ಎಂಟು ಸಂಖ್ಯೆ. ಆ ಒಂದು ಸಾಲನ್ನು ಒಂದು ಚುಕ್ಕಿ ಎಂದುಕೊಳ್ಳಿ, ನೀವು ಎಂಟು ಆಯಾಮದಲ್ಲಿ ಇದ್ದೀರಿ. ಅಲ್ಲಿ ಒಂದು ಗೋಳದ ಸುತ್ತ 240 ಗೋಳಗಳು ತಾಗುವಂತೆ ಕೂರಿಸುವ ಒಂದು ಸೊಗಸಾದ ಜೋಡಣೆಯಿದೆ. ಅದಕ್ಕಿಂತ ಒತ್ತಾದ ಜೋಡಣೆ ಇಲ್ಲವೇ ಇಲ್ಲವೆಂದು 2016ರ ಮಾರ್ಚ್ 14ರಂದು ವಿಯಾಜೊವ್‌ಸ್ಕಾ ಪ್ರಕಟಿಸಿದರು. ಕಂಪ್ಯೂಟರಿನ ಆರ್ಭಟವಿಲ್ಲದ ಪುಟ್ಟ ರುಜುವಾತು. ವಾರದೊಳಗೆ ಇನ್ನೂ ನಾಲ್ವರ ಜೊತೆ ಸೇರಿ 24 ಆಯಾಮಕ್ಕೂ ಮಾಡಿ ಮುಗಿಸಿದರು. ಆ ಬೀಗಕ್ಕೆ ಅವರು ಹಾಕಿದ ಕೀಲಿಕೈ ಮಾಡ್ಯುಲರ್ ಫಾರ್ಮ್ ಎಂಬ ಜಾತಿಯ ಫಲನಗಳು. 1916ರ ಒಂದು ಪ್ರಬಂಧದಲ್ಲಿ ರಾಮಾನುಜನ್ ಪಿ, ಕ್ಯೂ, ಆರ್ ಎಂದು ಕರೆದು ಉಜ್ಜಿ ಹೊಳಪಿಸಿದ್ದ ಮೂರು ಶ್ರೇಣಿಗಳು ಅವರ ಕಟ್ಟಡದ ಕಲ್ಲುಗಳಲ್ಲಿವೆ. ನೂರು ವರ್ಷದ ಹಿಂದಿನ ಆ ಸಲಕರಣೆಯನ್ನು ಕೈಗೆತ್ತಿಕೊಂಡ ಹೆಣ್ಣುಮಗಳಿಗೆ ಅದೇ ಮನುಷ್ಯನ ಹೆಸರಿನ ಬಹುಮಾನ ಹೋಯಿತು. ನನಗೆ ಇದಕ್ಕಿಂತ ಒಪ್ಪುವ ಬಹುಮಾನ ಇನ್ನೊಂದು ಕಾಣುವುದಿಲ್ಲ.

ಇಷ್ಟು ದೂರದ ಮಾತಾಯಿತು. ನಮ್ಮವರೊಬ್ಬರ ಕಥೆಗೆ ಬರುತ್ತೇನೆ.

ಕನಕನಹಳ್ಳಿ ರಾಮಚಂದ್ರ. ಹುಟ್ಟಿದ್ದು ಮಂಡ್ಯದಲ್ಲಿ, 1933ರ ಆಗಸ್ಟ್ 18ರಂದು. ಹದಿಮೂರು ವರ್ಷಕ್ಕೆ ತಂದೆ ಹೋದರು. ಮನೆಯವರು ಹೊಲದ ಮೇಲೆ ಸಾಲ ತೆಗೆದು ಓದಿಸಿದರು. ವಿದ್ಯಾರ್ಥಿಯಾಗಿದ್ದಾಗ ಒಂದು ಸ್ಪರ್ಧೆಯಲ್ಲಿ ಗೆದ್ದು ಇವರಿಗೊಂದು ಪುಸ್ತಕ ಬಹುಮಾನ ಬಂತು. ರಾಮಾನುಜನ್ ಅವರ ಚಿಕ್ಕದೊಂದು ಜೀವನಚರಿತ್ರೆ. ಬಹುಮಾನ ಕೊಡುವವರು ಅಂಗಡಿಯಲ್ಲಿ ಪುಸ್ತಕ ಆರಿಸುವಾಗ ಎಷ್ಟು ಹೊತ್ತು ಯೋಚಿಸುತ್ತಾರೆ? ಕೈಗೆ ಸಿಕ್ಕಿದ್ದು, ಬೆಲೆಗೆ ಹೊಂದಿದ್ದು ತರುತ್ತಾರೆ. ಆದರೆ ಆ ಪುಸ್ತಕ ಆ ಹುಡುಗನನ್ನು ಸಂಖ್ಯೆಗಳ ಕಡೆಗೆ ತಿರುಗಿಸಿತು, ತಿರುಗಿದವನು ಮತ್ತೆ ಹಿಂದೆ ನೋಡಲಿಲ್ಲ. ಹೊಟ್ಟೆಪಾಡಿಗೆ ಬೆಂಗಳೂರಿನ ಮಿನರ್ವ ಮಿಲ್ಲಿನಲ್ಲಿ ಗುಮಾಸ್ತಿಕೆ ಮಾಡಬೇಕಾಗಿ ಬಂದಾಗಲೂ ಬಿಡುವಿನ ವೇಳೆಯಲ್ಲಿ ತಾವೇ ಕೂತು ಸಂಖ್ಯಾಸಿದ್ಧಾಂತ ಓದಿಕೊಂಡರು. ಬಂದರಿನ ಗುಮಾಸ್ತರ ಕಥೆ ಓದಿದ ಹುಡುಗ ಮಿಲ್ಲಿನ ಗುಮಾಸ್ತನಾದ. ಆ ಪುಸ್ತಕ ಅವರ ಮನಸ್ಸಿನೊಳಗೆ ಇಲ್ಲದಿದ್ದರೆ ಆ ಕುರ್ಚಿಯಲ್ಲೇ ನಿವೃತ್ತರಾಗುತ್ತಿದ್ದರೇನೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

1958ರಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಹೋದರು. ಕೆ. ಜಿ. ರಾಮನಾಥನ್ ಅವರ ಕೈಕೆಳಗೆ 1965ರಲ್ಲಿ ಡಾಕ್ಟರೇಟ್. ಮುಂದೆ ಆರ್. ಬಾಲಸುಬ್ರಮಣಿಯನ್, ಟಿ. ಎನ್. ಶೋರೆ ಅಂಥವರಿಗೆ ಗುರುವಾದರು. 1978ರಲ್ಲಿ ಬಾಲಸುಬ್ರಮಣಿಯನ್ ಜೊತೆ ಸೇರಿ ‘ಹಾರ್ಡಿ-ರಾಮಾನುಜನ್ ಜರ್ನಲ್’ ಎಂಬ ಪತ್ರಿಕೆ ಹೊರಡಿಸಿದರು. ಮೊದಮೊದಲು ಅಚ್ಚಿನ ಖರ್ಚು ಸಂಪಾದಕರ ಜೇಬಿನಿಂದಲೇ. ಸಂಚಿಕೆ ಹೊರಬರುತ್ತಿದ್ದುದು ವರ್ಷಕ್ಕೊಂದು, ತಾರೀಖು ಡಿಸೆಂಬರ್ 22. ಬಾಲ್ಯದಲ್ಲಿ ಬಂದ ಒಂದು ಪುಸ್ತಕದ ಋಣವನ್ನು ಆ ಮನುಷ್ಯ ವರ್ಷವರ್ಷವೂ, ಅದೇ ದಿನ, ತೀರಿಸುತ್ತ ಹೋದರು. ನಿವೃತ್ತಿಯ ಮೇಲೆ ಬೆಂಗಳೂರಿಗೆ ಬಂದು ನೆಲೆಸಿ, 2011ರ ಜನವರಿ 17ರಂದು ತೀರಿಕೊಂಡರು. ಕನ್ನಡ ನಾಡಿನ ಮಕ್ಕಳಿಗೆ ಅವರ ಹೆಸರು ಗೊತ್ತಿರಬೇಕಾಗಿತ್ತು. ಹತ್ತನೇ ತರಗತಿಯವರೆಗಿನ ಯಾವ ಮಗುವಿನ ಬಾಯಲ್ಲೂ ನಾನು ಕೇಳಲಿಲ್ಲ, ನಾನೇ ಹೇಳಿಕೊಟ್ಟವರನ್ನು ಬಿಟ್ಟರೆ.

ರಾಮಾನುಜನ್ ಅವರ ನೋಟ್‌ಬುಕ್ಕುಗಳನ್ನು ಬಿಡಿಸುವ ಕೆಲಸದಲ್ಲೂ ನಮ್ಮವರ ಪಾಲಿದೆ. ಎರಡನೇ ನೋಟ್‌ಬುಕ್ಕಿನ ಹದಿನಾರನೇ ಅಧ್ಯಾಯದ ಮೇಲೆ 1985ರಲ್ಲಿ ಬಂದ ಗ್ರಂಥದಲ್ಲಿ ಅಮೆರಿಕದ ಬ್ರೂಸ್ ಬರ್ನ್ಟ್ ಅವರ ಜೊತೆಗೆ ಮಾನಸಗಂಗೋತ್ರಿಯ ಚಂದ್ರಶೇಖರ ಅಡಿಗ, ಎಸ್. ಭಾರ್ಗವ ಇದ್ದಾರೆ. ಪ್ರೊಫೆಸರ್ ಕೆ. ವೆಂಕಟಾಚಲ ಅಯ್ಯಂಗಾರ್ ರಾಮಾನುಜನ್ ದಾರಿಯಲ್ಲೇ ಎಲಿಪ್ಟಿಕ್ ಫಲನಗಳನ್ನು ಬೆಳೆಸಿ 1988ರಲ್ಲಿ ಪುಸ್ತಕ ತಂದರು. ಶಾಸ್ತ್ರದವರಂತೆಯೇ ಇಟಲಿಯ ಟ್ರಿಯೆಸ್ಟ್ ನಗರದ ಸಂಸ್ಥೆಯೊಂದೂ ಅಭಿವೃದ್ಧಿ ಹೊಂದುತ್ತಿರುವ ದೇಶಗಳ 45 ವರ್ಷದೊಳಗಿನವರಿಗೆ ರಾಮಾನುಜನ್ ಹೆಸರಲ್ಲೇ ಬೇರೊಂದು ಬಹುಮಾನ ಕೊಡುತ್ತದೆ. 2006ರಲ್ಲಿ ಅದನ್ನು ಪಡೆದ ಸುಜಾತಾ ರಾಮದೊರೈ ಬಿ.ಎಸ್ಸಿ. ಓದಿದ್ದು ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ, ಎಂ.ಎಸ್ಸಿ. ಮಾಡಿದ್ದು ಅಂಚೆ ಶಿಕ್ಷಣದಲ್ಲಿ. ಈ ಕೊನೆಯ ಮಾತನ್ನು ನಮ್ಮ ಕಡೆಯ ಹೆಣ್ಣುಮಕ್ಕಳ ತಾಯ್ತಂದೆಯರಿಗೆ ನಾನು ಎರಡೆರಡು ಸಲ ಹೇಳುತ್ತೇನೆ. ಕಾಲೇಜು ದೂರ, ಬಸ್ಸಿಲ್ಲ ಎಂದು ಮಗಳ ಪುಸ್ತಕ ಮುಚ್ಚಿಸಬೇಡಿ. ನಮ್ಮ ಜಿಲ್ಲೆಯದೇ ಆದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಡ ಹುಡುಗನೊಬ್ಬ ಬಸ್ಸಿನ ದುಡ್ಡಿಲ್ಲದೆ ಬೆಂಗಳೂರಿಗೆ ನಡೆದೇ ಹೋಗಿ ಓದಿ ಶಿಕ್ಷಣತಜ್ಞ ಎಚ್. ನರಸಿಂಹಯ್ಯ ಆದದ್ದು ಈ ಮಣ್ಣಿನಲ್ಲೇ.

ಈಗ ನಮ್ಮ ಊರುಗಳಲ್ಲಿ ಬಹುಮಾನ ಹೇಗೆ ಕೊಡುತ್ತೇವೆ, ಅದರ ಬಗ್ಗೆ ಒಂದು ಮಾತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ಬಂದರೆ ಶಾಲು, ಹಾರ, ಫೋಟೋ. ಬರಲಿ, ಸಂತೋಷ. ಆದರೆ ನೂರು ಅಂಕ ಅಂದರೆ ಇನ್ನೊಬ್ಬರು ಕೇಳಿದ ಪ್ರಶ್ನೆಗೆ ಇನ್ನೊಬ್ಬರು ಬಯಸಿದ ಉತ್ತರ. ಕೃಷ್ಣಸ್ವಾಮಿ ಅಯ್ಯರ್ ಆ ಹುಡುಗನಲ್ಲಿ ಕಂಡದ್ದು ಅದರ ಆಚೆಗಿನದು. ತನ್ನಷ್ಟಕ್ಕೆ ತಾನು ಒಂದು ಪ್ರಶ್ನೆಯನ್ನು ಹಿಡಿದುಕೊಂಡು, ಊಟ ನಿದ್ದೆಯಲ್ಲೂ ಬಿಡದೆ ಕೂರುವ ಮಗು ಪ್ರತಿ ಶಾಲೆಯಲ್ಲೂ ಒಂದಿರುತ್ತದೆ. ಎಷ್ಟೋ ಸಲ ಅದಕ್ಕೆ ಎಪ್ಪತ್ತು ಅಂಕವೂ ಬಂದಿರುವುದಿಲ್ಲ. ಆ ಮಗುವಿಗೆ ನಾವು ಏನು ಕೊಡುತ್ತೇವೆ?

ನನ್ನ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಗೂಡಿನ ಲೆಕ್ಕ, ಕೂಲಿಯ ಲೆಕ್ಕ, ಹಾಲಿನ ಲೆಕ್ಕ ಎಲ್ಲ ಹುಳುಮನೆಯ ಗೋಡೆಯ ಮೇಲೆ ಸುಣ್ಣದ ಗೀಟು. ನಾಲ್ಕು ಗೀಟು ಉದ್ದಕ್ಕೆ, ಐದನೆಯದು ಅಡ್ಡಕ್ಕೆ. ತಿಂಗಳ ಕೊನೆಗೆ ಐದೈದರ ಕಟ್ಟು ಎಣಿಸಿ ಬಾಯಲ್ಲೇ ಲೆಕ್ಕ ಒಪ್ಪಿಸುತ್ತಿದ್ದಳು, ಒಂದು ದಿನವೂ ತಪ್ಪಿದ್ದಿಲ್ಲ. ಅವಳು ಹೋದ ಮೇಲೆ ಅವಳ ಹೆಸರಿನಲ್ಲಿ ಒಂದು ಬಹುಮಾನ ಇಟ್ಟೆ. ದುಡ್ಡಲ್ಲ, ಪುಸ್ತಕ. ಅಂಕಕ್ಕಲ್ಲ, ಒಂದು ಪ್ರಶ್ನೆಯ ಬೆನ್ನು ಬಿಡದ ಮಗುವಿಗೆ. ಆ ಪುಸ್ತಕ ಮೊದಲ ಸಲ ಯಾರ ಕೈಗೆ ಹೋಯಿತೆಂದು ಹೇಳುತ್ತೇನೆ.

ಎಂಟನೇ ತರಗತಿ. ಒಂದು ಮಧ್ಯಾಹ್ನ ಒಂದು ಸೇರು ಹುಣಸೆ ಬೀಜ ತಂದು ಮಕ್ಕಳಿಗೆ ಹಂಚಿದೆ. ನಾಲ್ಕು ಬೀಜವನ್ನು ಎಷ್ಟು ರೀತಿ ಗುಡ್ಡೆ ಮಾಡಬಹುದು? ನಾಲ್ಕೂ ಒಟ್ಟಿಗೆ ಒಂದು ಗುಡ್ಡೆ. ಮೂರು, ಒಂದು. ಎರಡು, ಎರಡು. ಎರಡು, ಒಂದು, ಒಂದು. ನಾಲ್ಕೂ ಬಿಡಿಬಿಡಿ. ಐದು ರೀತಿ. ಸರಿ, ಒಂಬತ್ತು ಬೀಜಕ್ಕೆ? ನೆಲದ ಮೇಲೆ ಕೂತು ಜೋಡಿಸತೊಡಗಿದರು. ಒಬ್ಬರಿಗೆ 27, ಒಬ್ಬರಿಗೆ 29, ಗಲಾಟೆಯೋ ಗಲಾಟೆ. ಕೊನೆಗೆ ಎಲ್ಲರೂ ಸೇರಿ ಮೂವತ್ತಕ್ಕೆ ಬಂದರು. ಆಗ ಹೇಳಿದೆ: ಮೆಕ್‌ಮಹೋನ್ ಎಂಬೊಬ್ಬರು ಇನ್ನೂರರವರೆಗೆ ಈ ಲೆಕ್ಕವನ್ನು ಕೈಯಲ್ಲೇ ಮಾಡಿ ಪಟ್ಟಿ ಹಾಕಿದ್ದರು. ಆ ಪಟ್ಟಿ ನೋಡಿದ ರಾಮಾನುಜನ್ ಕಣ್ಣಿಗೆ ಬೇರೆ ಯಾರಿಗೂ ಬೀಳದ ಒಂದು ಗುಟ್ಟು ಬಿತ್ತು. ನಾಲ್ಕರಿಂದ ಶುರುಮಾಡಿ ಐದೈದು ಹೆಚ್ಚಿಸುತ್ತ ಹೋದರೆ, ನಾಲ್ಕು, ಒಂಬತ್ತು, ಹದಿನಾಲ್ಕು, ಹತ್ತೊಂಬತ್ತು, ಎಲ್ಲಿಯವರೆಗೆ ಹೋದರೂ ಉತ್ತರ ಐದರಿಂದ ಭಾಗವಾಗಿಯೇ ಆಗುತ್ತದೆ. 1919ರಲ್ಲಿ ಅದಕ್ಕೆ ರುಜುವಾತನ್ನೂ ಕೊಟ್ಟರು.

ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದಳು. ಕೈಯೆಲ್ಲ ಸೊಪ್ಪಿನ ಕರೆ.

‘ಹದ್ನಾಕಕ್ಕೆ ಎಷ್ಟು ಬರುತ್ತೆ ಸಾರ್?’

‘ನೀನೇ ಎಣಿಸಮ್ಮ’ ಅಂದೆ.

ಮಾರನೆಯ ದಿನದಿಂದ ಅವಳು ಬರಲಿಲ್ಲ. ಮನೆಯಲ್ಲಿ ಹುಳು ಹಣ್ಣಾಗಿತ್ತು. ನಾಲ್ಕನೇ ದಿನ ಬಂದಳು, ಕೈಯಲ್ಲಿ ಹುಳು ತಟ್ಟೆಗೆ ಹಾಸುವ ಹಳೆಯ ಪತ್ರಿಕೆಯ ಹಾಳೆ. ಅಂಚಿನ ಖಾಲಿ ಜಾಗದ ತುಂಬ ಪೆನ್ಸಿಲಿನಲ್ಲಿ ಸಣ್ಣಸಣ್ಣ ಸಂಖ್ಯೆ. ರಾತ್ರಿ ಸೊಪ್ಪು ಹಾಕುವ ಎರಡು ಹೊತ್ತಿನ ನಡುವೆ ಕೂತು ಬರೆದದ್ದಂತೆ. ದೊಡ್ಡ ಗುಡ್ಡೆ ಹದಿನಾಲ್ಕಿದ್ದರೆ, ಹದಿಮೂರಿದ್ದರೆ, ಹನ್ನೆರಡಿದ್ದರೆ ಎಂದು ಮೇಲಿಂದ ಕೆಳಕ್ಕೆ ಸಾಲು ಕಟ್ಟಿದ್ದಳು. ಹಾಗೆ ಕಟ್ಟಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ.

‘ನೂರ ಮೂವತ್ನಾಕು ಬಂತು ಸಾರ್.’

ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು: ‘ಐದ್ರಲ್ಲಿ ಹೋಗಲ್ಲ. ಎಲ್ಲೋ ಒಂದು ಬಿಟ್ಟೋಗಿದೆ.’

ಬಿಸಿಯೂಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಓಡಿದರು. ಅವಳು ಏಳಲಿಲ್ಲ. ಹಾಳೆಯನ್ನು ನೆಲದ ಮೇಲೆ ಹರಡಿ, ಬೆರಳಿಟ್ಟು ಸಾಲು ಸಾಲು ಇಳಿಯತೊಡಗಿದಳು. ನಾನೂ ಪಕ್ಕದಲ್ಲಿ ಕೂತೆ. ಆರರ ಸಾಲು ಸರಿ. ಐದರ ಸಾಲು ಸರಿ. ನಾಲ್ಕರ ಸಾಲಿನ ಮಧ್ಯೆ ಬೆರಳು ನಿಂತಿತು. ಜೇಬಿನಿಂದ ಹುಣಸೆ ಬೀಜ ತೆಗೆದು ನೆಲದ ಮೇಲೆ ಗುಡ್ಡೆ ಮಾಡಿದಳು. ನಾಲ್ಕು, ನಾಲ್ಕು, ಮೂರು, ಮೂರು.

‘ಇಲ್ಲಿದೆ ಸಾರ್’ ಅಂದಳು.